ಪ್ಯಾರಿಸ್ಸಿನ ಪಟ್ಟಿ, ಸಾಸಲಿನ ಆಕಾಶ

ಅಮಾವಾಸ್ಯೆಯ ದಿನ ಹೊಸ ಕೆಲಸಕ್ಕೆ ಕೈಹಾಕಬೇಡಿ, ದೂರದ ಪ್ರಯಾಣ ಹೊರಡಬೇಡಿ ಎಂದು ಮನೆಯ ಹಿರಿಯರು ತಡೆಯುವುದುಂಟು. ಬೆಂಗಳೂರಿನಲ್ಲಿ ಈ ಮಾತಿಗೆ ಸೊಪ್ಪು ಹಾಕದ ಒಂದು ಸಣ್ಣ ಬಳಗವಿದೆ. ಅಮಾವಾಸ್ಯೆ ಶನಿವಾರದ ಆಚೀಚೆ ಬಿತ್ತೆಂದರೆ ಅವರಿಗೆ ಹಬ್ಬ. ಕ್ಯಾಮೆರಾ, ಟ್ರೈಪಾಡ್, ಟ್ರ್ಯಾಕರ್, ಬ್ಯಾಟರಿ, ಫ್ಲಾಸ್ಕಿನ ತುಂಬ ಕಾಫಿ, ಜೊತೆಗೊಂದು ಕಂಬಳಿ. ಇಷ್ಟನ್ನು ಕಾರಿಗೆ ಹಾಕಿಕೊಂಡು ಊರಿನ ಬೆಳಕು ಬೆನ್ನ ಹಿಂದೆ ಸರಿಯುವವರೆಗೂ ಓಡಿಸುತ್ತಾರೆ. ಬೆಳಗಾಗುವ ಹೊತ್ತಿಗೆ ಕಣ್ಣು ಕೆಂಪಾಗಿಸಿಕೊಂಡು ವಾಪಸಾಗುವ ಈ ಹವ್ಯಾಸಿಗಳು ಬರಿಗಣ್ಣಿಗೆ ಕಾಣದ ನೀಹಾರಿಕೆ, ಗೆಲಾಕ್ಸಿ, ನಕ್ಷತ್ರಗುಚ್ಛಗಳ ಚಿತ್ರ ತೆಗೆಯುವವರು.

ದೊಡ್ಡಬಳ್ಳಾಪುರ ತಾಲ್ಲೂಕಿನ ಉತ್ತರದಲ್ಲಿರುವ ಸಾಸಲು ಹೋಬಳಿ ಇಂಥವರ ಲೆಕ್ಕಾಚಾರಕ್ಕೆ ಒಗ್ಗುವ ಜಾಗ. ಬೆಂಗಳೂರಿನಿಂದ ನೇರ ಅಳೆದರೆ ಐವತ್ತು ಕಿಲೋಮೀಟರಿನ ಆಸುಪಾಸು. ಅತ್ತ ಗೌರಿಬಿದನೂರಿನ ಸೀಮೆ. ನಡುವೆ ರಾಗಿ ಹೊಲ, ಕುರುಚಲು ಗುಡ್ಡ, ಕೆರೆಯಂಗಳ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೋಡದ ಕಾಟ ಕಡಿಮೆ, ಇಬ್ಬನಿಯ ಕಾಟ ಮಾತ್ರ ಜಾಸ್ತಿ. ಲೆನ್ಸಿನ ಸುತ್ತ ಬಿಸಿಪಟ್ಟಿ ಕಟ್ಟದಿದ್ದರೆ ನಡುರಾತ್ರಿ ಕಳೆಯುತ್ತಲೇ ಗಾಜು ಬೆವರಿ, ಅಲ್ಲಿಂದಾಚೆಗಿನ ಚಿತ್ರವೆಲ್ಲ ಮಸುಕಾಗುತ್ತದೆ.

ಇಷ್ಟೆಲ್ಲ ಪಾಡುಪಟ್ಟು ಇವರು ತರುವ ಚಿತ್ರಗಳೇನು? ಹೆಚ್ಚಿನವು ನೋಡಿದವೇ. ಮೃಗಶಿರದ ಬಳಿಯ ಓರಾಯನ್ ನೀಹಾರಿಕೆ, ಆಂಡ್ರೊಮೆಡಾ ಗೆಲಾಕ್ಸಿ, ಕೃತ್ತಿಕೆ, ಕುದುರೆ ತಲೆ, ಮತ್ತೆ ಓರಾಯನ್. ಚಿತ್ರಗಳು ಚೆಂದ, ಅನುಮಾನವಿಲ್ಲ. ಆದರೆ ಜಗತ್ತಿನ ಎಲ್ಲ ಹವ್ಯಾಸಿಗಳೂ ಅವನ್ನೇ ತೆಗೆಯುತ್ತಿರುವಾಗ ಸಾಸಲಿನ ಹೊಲದ ಬದುವಿನಲ್ಲಿ ನಿಂತವರೂ ಅದೇ ಸಾಲಿಗೆ ಸೇರಬೇಕೇ ಎಂದು ಕೇಳಲೇಬೇಕಾಗಿದೆ. ಯಾಕೆಂದರೆ ಆ ಸಾಲಿನ ಬಹುಪಾಲನ್ನು ಗೀಚಿದ್ದು ಇಲ್ಲಿ ಅಲ್ಲ, ಪ್ಯಾರಿಸ್ಸಿನಲ್ಲಿ.

ಚಾರ್ಲ್ಸ್ ಮೆಸಿಯೆ ಧೂಮಕೇತು ಹುಡುಕುವ ಫ್ರೆಂಚ್ ಖಗೋಳಜ್ಞ. ಧೂಮಕೇತುವಿನಂತೆ ಮಬ್ಬಾಗಿ ಕಂಡು ಮೋಸಮಾಡುವ ಕಾಯಗಳನ್ನು ಗುರುತುಹಾಕಿಕೊಳ್ಳಲು ಆತ ಪಟ್ಟಿಯೊಂದನ್ನು ಮಾಡಿದ. ಅದರ ಮೊದಲ ಕಂತು 1771ರದು. 1781ರ ಹೊತ್ತಿಗೆ ಅದು 103 ಕಾಯಗಳವರೆಗೆ ಬೆಳೆಯಿತು. ಅವನ ಟಿಪ್ಪಣಿಗಳನ್ನು ಹಿಡಿದು ಮುಂದಿನವರು ಸೇರಿಸಿದ್ದೂ ಕೂಡಿ ಇವತ್ತು 110. ಪ್ಯಾರಿಸ್ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ದಿಗಂತದಿಂದ ಮೇಲೇಳದ ಯಾವುದೂ ಅವನ ಪಟ್ಟಿಗೆ ಬರಲು ಸಾಧ್ಯವಿರಲಿಲ್ಲ. ಇಡೀ ಆಕಾಶದಲ್ಲೇ ಅತಿ ಪ್ರಕಾಶಮಾನವಾದ ಗೋಳಗುಚ್ಛ ಒಮೆಗಾ ಸೆಂಟಾರಿಗೆ ಮೆಸಿಯೆ ಸಂಖ್ಯೆ ಇಲ್ಲದಿರುವುದಕ್ಕೆ ಬೇರೆ ಕಾರಣವೇನೂ ಇಲ್ಲ, ಪ್ಯಾರಿಸ್ಸಿಗೆ ಅದು ಕಾಣುವುದಿಲ್ಲ, ಅಷ್ಟೇ. ಸಾಸಲಿನಲ್ಲಿ ಅದೇ ಗುಚ್ಛ ದಕ್ಷಿಣ ದಿಗಂತದಿಂದ 29 ಡಿಗ್ರಿ ಮೇಲಕ್ಕೆ ಏರುತ್ತದೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಹಾಗಾಗಿ ಮೂರು ಮುಷ್ಟಿ ಎತ್ತರ.

ಮೆಸಿಯೆಯ ಪಟ್ಟಿಯಾಚೆಗೆ ಇನ್ನೂ ಬೇಕಾದಷ್ಟಿದೆ. 1888ರಲ್ಲಿ ಖಗೋಳಜ್ಞ ಡ್ರೇಯರ್ ಪ್ರಕಟಿಸಿದ ಎನ್‌ಜಿಸಿ ಪಟ್ಟಿಯಲ್ಲಿ 7,840 ಕಾಯಗಳಿವೆ. ಅದರ ಎರಡು ಪುರವಣಿಗಳಲ್ಲಿ ಇನ್ನೂ ಐದು ಸಾವಿರ ಚಿಲ್ಲರೆ. 1959ರ ಶಾರ್ಪ್‌ಲೆಸ್ ಪಟ್ಟಿಯಲ್ಲಿ ಹೈಡ್ರೋಜನ್ ಅನಿಲ ಬೆಳಗುವ 313 ತಾಣಗಳಿವೆ. 1966ರಲ್ಲಿ ವ್ಯಾನ್ ಡೆನ್ ಬರ್ಗ್ ಗುರುತಿಸಿದ, ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಧೂಳುಮೋಡಗಳು 158. ಹಿಂದೆ ಬಾರ್ನಾರ್ಡ್ ಗುರುತುಮಾಡಿದ ಕಪ್ಪು ನೀಹಾರಿಕೆಗಳು ಬೇರೆ. ‘ಹೆಸರಾಗದ ಕಾಯ’ಗಳೆಂದರೆ ಆಕಾಶದ ಮೂಲೆಯಲ್ಲಿ ಅಳಿದುಳಿದ ಚೂರುಗಳಲ್ಲ. ಆಕಾಶದ ಬಹುಪಾಲು ಅವೇ.

ಇಲ್ಲಿ ಭೂಗೋಳವೂ ಸಾಸಲಿನ ಪರವಾಗಿದೆ. 13 ಡಿಗ್ರಿಗಿಂತ ತುಸು ಮೇಲಿರುವ ಈ ಅಕ್ಷಾಂಶದಲ್ಲಿ ಎಂದೂ ಮೇಲೇಳದಿರುವುದು ದಕ್ಷಿಣ ಧ್ರುವಬಿಂದುವಿನ ಸುತ್ತಲಿನ ಒಂದು ಪುಟ್ಟ ವೃತ್ತ ಮಾತ್ರ. ಉಳಿದ ಆಕಾಶವೆಲ್ಲ ವರ್ಷದಲ್ಲಿ ಒಂದಲ್ಲ ಒಂದು ಹೊತ್ತು ತಲೆಯೆತ್ತುತ್ತದೆ. ಜರ್ಮನಿಯ ಹವ್ಯಾಸಿಗೆ ದಕ್ಷಿಣದ ಕಾಯಗಳು ಬೇಕೆಂದರೆ ನಮೀಬಿಯಾಗೋ ಚಿಲಿಗೋ ಟಿಕೆಟ್ ತೆಗೆಯಬೇಕು. ಆಸ್ಟ್ರೇಲಿಯಾದವನಿಗೆ ಸಪ್ತರ್ಷಿ ಮಂಡಲದ ಎಂ81 ಗೆಲಾಕ್ಸಿ ದಕ್ಕುವುದು ದುಸ್ತರ. ಸಾಸಲಿನಲ್ಲಿ ಅದು ಉತ್ತರದಲ್ಲಿ ಮೂವತ್ತನಾಲ್ಕು ಡಿಗ್ರಿ ಎತ್ತರಕ್ಕೂ, ಸೆಂಟಾರಸ್ ಎ ಗೆಲಾಕ್ಸಿ ದಕ್ಷಿಣದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೂ ಬರುತ್ತವೆ. ಒಂದೇ ಹೊಲ, ಒಂದೇ ಟ್ರೈಪಾಡ್, ಎರಡು ಗೋಲಾರ್ಧ. ಇದರ ದಂಡವೂ ಇದೆ: ಕ್ಯಾಮೆರಾ ಕೂರಿಸುವ ಮೌಂಟನ್ನು ಭೂಮಿಯ ಅಕ್ಷಕ್ಕೆ ಹೊಂದಿಸಲು ಬೇಕಾದ ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪವೇ ಮೇಲೆ. ಉತ್ತರಕ್ಕೊಂದು ಗುಡ್ಡವೋ ನಾಲ್ಕು ತೆಂಗಿನ ಮರವೋ ಇದ್ದರೆ ಅದು ಕಾಣುವುದೇ ಇಲ್ಲ.

ಉದಾಹರಣೆಗೆ, ನೌಕಾಪಟ ಅಥವಾ ವೆಲಾ ಎನ್ನುವ ನಕ್ಷತ್ರಪುಂಜದತ್ತ ನೋಡಿ. ಸುಮಾರು ಹನ್ನೊಂದು ಸಾವಿರ ವರ್ಷದ ಹಿಂದೆ ಅಲ್ಲೊಂದು ನಕ್ಷತ್ರ ಸಿಡಿಯಿತು. ಅದರ ಚೂರುಗಳು ಇನ್ನೂ ಹರಡುತ್ತಲೇ ಇವೆ. ಆ ಅವಶೇಷದ ಒಂದು ಉಜ್ವಲ ಗೆರೆಗೆ ‘ಪೆನ್ಸಿಲ್ ನೀಹಾರಿಕೆ’ ಎಂದು ಹೆಸರು. ಜಾನ್ ಹರ್ಷಲ್ 1835ರಲ್ಲಿ ಅದನ್ನು ಕಂಡದ್ದು ಆಫ್ರಿಕಾದ ತುದಿಯ ಕೇಪ್‌ನಲ್ಲಿ ಕುಳಿತು. ಫೆಬ್ರುವರಿ–ಮಾರ್ಚ್ ತಿಂಗಳ ರಾತ್ರಿ ಹತ್ತು–ಹನ್ನೊಂದರ ಸುಮಾರಿಗೆ, ಆಕಾಶ ತಿಳಿಯಾಗಿರುವ ಕಾಲದಲ್ಲೇ, ಸಾಸಲಿನಲ್ಲಿ ಅದು ಮೂರು ಮುಷ್ಟಿ ಎತ್ತರದಲ್ಲಿ ನಿಂತಿರುತ್ತದೆ. ಅದೇ ದಿಕ್ಕಿನಲ್ಲಿ ಇನ್ನೂ ಹಿರಿದಾದ, ಇನ್ನೂ ಮಂಕಾದ ಗಮ್ ನೀಹಾರಿಕೆ ಹಬ್ಬಿದೆ. ಆಸ್ಟ್ರೇಲಿಯಾದ ಕಾಲಿನ್ ಗಮ್ 1950ರ ದಶಕದಲ್ಲಿ ಗುರುತಿಸಿದ ಇದರ ಅಗಲ ಆಕಾಶದಲ್ಲಿ ಮೂವತ್ತೈದು ಡಿಗ್ರಿಗೂ ಹೆಚ್ಚು. ಎಪ್ಪತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು.

ಇಷ್ಟು ಅಗಲದ ವಸ್ತುವಿಗೆ ದೊಡ್ಡ ದೂರದರ್ಶಕ ಕೆಲಸಕ್ಕೆ ಬರುವುದಿಲ್ಲ. ಸಾಸಲು ಇರುವ ಜಿಲ್ಲೆಯಲ್ಲೇ ಇದಕ್ಕೆ ಸೊಗಸಾದ ಸಾಕ್ಷಿಯಿದೆ. ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಕೇಂದ್ರದಿಂದ, ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ 2001ರಿಂದ ನಡೆಸಲಾಗುತ್ತಿದೆ. ಅದರ ಮುಖ್ಯ ಕ್ಯಾಮೆರಾ ಒಂದು ಸಲಕ್ಕೆ ನೋಡುವುದು ಆಕಾಶದ ಹತ್ತು ಕಲೆಯಷ್ಟು (ಆರ್ಕ್‌ಮಿನಿಟ್) ಚೌಕವನ್ನು. ಎಂದರೆ ಚಂದ್ರಬಿಂಬದ ಅಗಲದ ಮೂರನೇ ಒಂದು ಪಾಲು. ಗಮ್ ನೀಹಾರಿಕೆಯನ್ನು ಅದರಲ್ಲಿ ಹಿಡಿಯಲು ಹೊರಡುವುದು ಸೂಜಿ ಕಣ್ಣಿನಿಂದ ಜಾತ್ರೆ ನೋಡಿದಂತೆ. ಮದುವೆ ಮನೆಯ ಫೋಟೊಗ್ರಾಫರ್ ಬಳಿ ಇರುವ 50 ಮಿಲಿಮೀಟರ್ ಲೆನ್ಸಿಗೆ ಮಾತ್ರ ಅದು ಹೆಚ್ಚುಕಡಿಮೆ ಒಂದೇ ಫ್ರೇಮಿನಲ್ಲಿ ಸಿಗುತ್ತದೆ.

ಹೇಗೆ ಸಿಗುತ್ತದೆ ಎನ್ನುವುದಕ್ಕೆ ಗುಟ್ಟೇನಿಲ್ಲ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವ ಟ್ರ್ಯಾಕರ್ ಬೇಕು. ಮೂರು ಮೂರು ನಿಮಿಷದ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಬೇಕು. ಇದಕ್ಕೆ ಅವರು ಸ್ಟ್ಯಾಕಿಂಗ್ ಎನ್ನುತ್ತಾರೆ. ಇಲ್ಲಿನ ಗಣಿತ ಕೊಂಚ ಜಿಪುಣ. ಚಿತ್ರದ ಕಾಳುಕಾಳು ಗದ್ದಲ ಅರ್ಧಕ್ಕಿಳಿಯಬೇಕಾದರೆ ನಾಲ್ಕು ಪಟ್ಟು ಹೊತ್ತು ಸುರಿಯಬೇಕು. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಫಿಲ್ಟರ್ ಹೈಡ್ರೋಜನ್ನಿನ 656.3 ನ್ಯಾನೊಮೀಟರ್ ಕೆಂಪನ್ನು ಬಹುಪಾಲು ತಡೆಯುವುದರಿಂದ, ಅದನ್ನು ಬಿಚ್ಚಿಸುವವರೂ ಇದ್ದಾರೆ. 2023ರಿಂದ ಮಾರುಕಟ್ಟೆಯಲ್ಲಿರುವ ಸೀಸ್ಟಾರ್ ಎಸ್50ಯಂಥ ಸ್ಮಾರ್ಟ್ ಟೆಲಿಸ್ಕೋಪುಗಳು ಹುಡುಕುವುದು, ಹಿಂಬಾಲಿಸುವುದು, ಚಿತ್ರ ಕೂರಿಸುವುದು ಎಲ್ಲವನ್ನೂ ತಾವೇ ಮಾಡುತ್ತವೆ. ಸಲಕರಣೆ ಮೊದಲಿನಷ್ಟು ದೊಡ್ಡ ಅಡ್ಡಿಯಲ್ಲ.

ಹೆಸರಾಗದ ಮೂಲೆಯತ್ತ ಕ್ಯಾಮೆರಾ ತಿರುಗಿಸಿದವರಿಗೆ ಸಿಕ್ಕಿದ್ದೇನು ಎಂಬುದಕ್ಕೆ ಇತ್ತೀಚಿನ ಇತಿಹಾಸವೇ ಉತ್ತರ ಕೊಡುತ್ತದೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಮೂರೇ ಅಂಗುಲದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಯಾವ ಪಟ್ಟಿಯಲ್ಲೂ ಇಲ್ಲದ ಪುಟ್ಟ ನೀಹಾರಿಕೆಯೊಂದು ಕಾಣಿಸಿತು. ಎಳೆಯ ನಕ್ಷತ್ರವೊಂದು ಭುಗಿಲೆದ್ದು ಸುತ್ತಲಿನ ಧೂಳನ್ನು ಬೆಳಗಿಸಿತ್ತು. ಅದಕ್ಕೆ ಅವರ ಹೆಸರೇ ನಿಂತಿತು. 2013ರಲ್ಲಿ ಡೇನಾ ಪ್ಯಾಚಿಕ್ ಎಂಬ ಅಮೆರಿಕದ ಹವ್ಯಾಸಿ ದತ್ತಾಂಶಗಳನ್ನು ಜಾಲಾಡಿ ಹೆಕ್ಕಿದ ಮಬ್ಬು ಕಾಯವನ್ನು ವಿಜ್ಞಾನಿಗಳು ಈಗ, ಚೀನಾ ಮತ್ತು ಜಪಾನಿನ ಜನ 1181ರಲ್ಲಿ ಕಂಡ ‘ಅತಿಥಿ ನಕ್ಷತ್ರ’ದ ಅವಶೇಷವೆಂದು ಗುರುತಿಸುತ್ತಾರೆ.

ಅರ್ಜೆಂಟೀನಾದ ರೊಸಾರಿಯೊ ನಗರದ ವಿಕ್ಟರ್ ಬೂಸೊ ಕಸುಬಿನಿಂದ ಬೀಗ ರಿಪೇರಿಯವರು. 2016ರ ಸೆಪ್ಟೆಂಬರ್ 20ರಂದು ಹೊಸ ಕ್ಯಾಮೆರಾ ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಎನ್‌ಜಿಸಿ 613 ಎಂಬ ಗೆಲಾಕ್ಸಿಯನ್ನು. ಹತ್ತು ಸುಂದರ ಕಾಯಗಳ ಯಾವ ಪಟ್ಟಿಯಲ್ಲೂ ಅದು ಸಿಗುವುದಿಲ್ಲ. ಒಂದಾದ ಮೇಲೊಂದು ಚಿತ್ರ ತೆಗೆಯುತ್ತಿದ್ದಂತೆ ಅದರ ಅಂಚಿನಲ್ಲಿ ಒಂದು ಚುಕ್ಕಿ ಮೂಡಿ ಬೆಳಗತೊಡಗಿತು. ನಕ್ಷತ್ರವೊಂದು ಸಿಡಿಯುವ ಮೊದಲ ಗಳಿಗೆ ಅವರ ಕ್ಯಾಮೆರಾಕ್ಕೆ ಸಿಕ್ಕಿತ್ತು. ‘ನೇಚರ್’ ಪತ್ರಿಕೆಯ 2018ರ ಪ್ರಬಂಧದಲ್ಲಿ ಬೂಸೊ ಕೂಡ ಒಬ್ಬ ಲೇಖಕರು. ಅದೇ ಎನ್‌ಜಿಸಿ 613 ನವೆಂಬರ್ ರಾತ್ರಿಗಳಲ್ಲಿ ಸಾಸಲಿನ ಮೇಲೆ ದಿಗಂತಕ್ಕೂ ನೆತ್ತಿಗೂ ನಡುವೆ ಅರ್ಧ ದಾರಿಯಲ್ಲಿ ಹಾದುಹೋಗುತ್ತದೆ.

‘ಹೆಸರಾದ ಕಾಯಗಳನ್ನು ತೆಗೆದರೆ ತಪ್ಪೇನು, ಹವ್ಯಾಸ ಇರುವುದೇ ಸಂತೋಷಕ್ಕೆ’ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಗೆಲಾಕ್ಸಿಗಳಲ್ಲೊಂದಾದ ಆಂಡ್ರೊಮೆಡಾದ ಪಕ್ಕದಲ್ಲೇ ಯಾರೂ ಕಾಣದ ಆಮ್ಲಜನಕದ ಒಂದು ನೀಲಿ ಕಮಾನು ಪತ್ತೆಯಾದದ್ದು 2022ರಲ್ಲಿ. ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೈಂಟಿ ಎಂಬ ಮೂವರು ಹವ್ಯಾಸಿಗಳು ನಾಲ್ಕಂಗುಲದ ದೂರದರ್ಶಕದಿಂದ ನೂರು ಗಂಟೆಗೂ ಮೀರಿ ಬೆಳಕು ಕೂಡಿಹಾಕಿ ಅದನ್ನು ಹೊರತಂದರು. ಆದರೆ ಅವರು ಹಳೆಯ ಚಿತ್ರವನ್ನು ಮತ್ತೊಮ್ಮೆ ತೆಗೆಯಲಿಲ್ಲ. ಯಾರೂ ಕೊಡದಷ್ಟು ಹೊತ್ತನ್ನು, ಹೆಚ್ಚಿನವರು ಬಳಸದ ಫಿಲ್ಟರನ್ನು ಅಲ್ಲಿಗೆ ಕೊಟ್ಟರು. ಅಮಾವಾಸ್ಯೆಗೊಂದು ಹೊಸ ಕಾಯ ಎಂದು ಹಾರಾಡುವುದಕ್ಕಿಂತ, ಒಂದು ಚಳಿಗಾಲವನ್ನು ನೌಕಾಪಟದ ಒಂದೇ ತುಣುಕಿಗೆ ಮೀಸಲಿಟ್ಟರೆ ಸಾಸಲಿನಿಂದಲೂ ಅಂಥದ್ದೊಂದನ್ನು ನಿರೀಕ್ಷಿಸಬಹುದು.

ಇಲ್ಲಿಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ಸಾಸಲಿನ ಬಂಡವಾಳ ದಕ್ಷಿಣ ಆಕಾಶ. ಸಾಸಲಿಗೆ ದಕ್ಷಿಣದಲ್ಲಿರುವುದು ಬೆಂಗಳೂರು. ಮೊದಲು ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ, ಆಗ್ನೇಯಕ್ಕೆ 2008ರಿಂದ ದೇವನಹಳ್ಳಿಯ ವಿಮಾನ ನಿಲ್ದಾಣ, ಅದರಾಚೆ ಮಹಾನಗರದ ಬೆಳಕಿನ ಗುಮ್ಮಟ. ಒಮೆಗಾ ಸೆಂಟಾರಿಯೂ ಪೆನ್ಸಿಲ್ ನೀಹಾರಿಕೆಯೂ ಏರುವುದು ಇದೇ ಗುಮ್ಮಟದ ಮೇಲೆ.

ಫಿಲ್ಟರ್ ಹಾಕಿಕೊಳ್ಳಬಹುದಲ್ಲ ಎಂದರೆ, ಅರ್ಧ ಉತ್ತರವಷ್ಟೇ. ಹೈಡ್ರೋಜನ್, ಆಮ್ಲಜನಕ ತಂತಮ್ಮ ಒಂದೊಂದೇ ಬಣ್ಣದಲ್ಲಿ ಹೊಳೆಯುವುದರಿಂದ ಆ ಬಣ್ಣವನ್ನಷ್ಟೇ ಬಿಡುವ ಫಿಲ್ಟರ್ ಹಾಕಿ ನಗರದ ತಾರಸಿಯಿಂದಲೂ ಅವನ್ನು ಹಿಡಿಯುತ್ತಾರೆ. ಗೆಲಾಕ್ಸಿಗಳಿಗೆ, ಪ್ರತಿಫಲಿಸುವ ಧೂಳಿಗೆ, ಕಪ್ಪು ನೀಹಾರಿಕೆಗಳಿಗೆ ಈ ಉಪಾಯ ನಡೆಯದು. ಅವು ಕಾಣುವುದು ಎಲ್ಲ ಬಣ್ಣಗಳೂ ಬೆರೆತ ನಕ್ಷತ್ರದ ಬೆಳಕಿನಿಂದ. ಹಳೆಯ ಹಳದಿ ಸೋಡಿಯಂ ದೀಪಗಳ ಬೆಳಕು ಬಹುಪಾಲು ಕಿರಿದಾದ ಪಟ್ಟಿಯಲ್ಲಿ ಇರುತ್ತಿತ್ತು, ಸೋಸಿ ತೆಗೆಯಬಹುದಿತ್ತು. ಈಗಿನ ಬಿಳಿ ಎಲ್ಇಡಿ ಎಲ್ಲ ಬಣ್ಣಗಳನ್ನೂ ಹರಡುತ್ತದೆ, ಅದರಲ್ಲಿನ ನೀಲಿ ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಉರಗಧರ ಪುಂಜದಲ್ಲಿ ಆಕಾಶಗಂಗೆಗೆ ಅಡ್ಡಲಾಗಿ ಕಪ್ಪಗೆ ಮಲಗಿರುವ ‘ಪೈಪ್’ ನೀಹಾರಿಕೆಯನ್ನು ಏಪ್ರಿಲ್ ನಸುಕಿನಲ್ಲಿ ಹಳ್ಳಿಯ ಹಿರಿಯರಿಗೆ ತೋರಿಸಿದರೆ ‘ಚಿಲುಮೆ’ ಎಂದಾರು. ಆದರೆ ಹಿನ್ನೆಲೆಯ ಆಕಾಶವೇ ಬೆಳ್ಳಗಾದರೆ ಚಿಲುಮೆಯೂ ಇಲ್ಲ, ಹೊಗೆಯೂ ಇಲ್ಲ.

ಈ ಬೆಳಕು ಎಷ್ಟು ಬೇಗ ಏರುತ್ತಿದೆ? 2011ರಿಂದ 2022ರವರೆಗೆ ಜನಸಾಮಾನ್ಯರು ತಮಗೆ ಕಂಡ ನಕ್ಷತ್ರಗಳನ್ನು ದಾಖಲಿಸಿದ 51 ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಒಟ್ಟುಗೂಡಿಸಿದ ಅಧ್ಯಯನ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೆಚ್ಚಿನ ವೀಕ್ಷಣೆಗಳು ಯುರೋಪು, ಉತ್ತರ ಅಮೆರಿಕದವು. ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಹೆಚ್ಚುತ್ತಿದೆ ಎಂಬುದು ಅದರ ಲೆಕ್ಕ. ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಊರಿನಲ್ಲಿ ಆ ಮಗುವಿಗೆ ಹದಿನೆಂಟು ತುಂಬುವ ಹೊತ್ತಿಗೆ ಕಾಣುವುದು ನೂರು.

ಬೆಂಗಳೂರಿನ ಬೆಳಕನ್ನು ಆರಿಸಲು ಸಾಸಲು ಗ್ರಾಮ ಪಂಚಾಯಿತಿಯಿಂದ ಆಗದು. ಆದರೆ ಇನ್ನೊಂದು ಲೆಕ್ಕ ಅದರ ಕೈಯಲ್ಲಿದೆ. ನಗರದ ಮಸುಬೆಳಕು ದೂರ ಹೋದಂತೆ ಬಲು ಬೇಗ ಕುಗ್ಗುತ್ತದೆ. ಖಗೋಳಜ್ಞರು ಬಳಸುವ ವಾಕರ್ ಸೂತ್ರದ ಪ್ರಕಾರ ದೂರ ಇಮ್ಮಡಿಯಾದರೆ ಅದು ಐದರಲ್ಲೊಂದು ಪಾಲಿಗಿಂತ ಕೆಳಗಿಳಿಯುತ್ತದೆ. ಅದನ್ನೇ ತಿರುಗಿಸಿ ನೋಡಿದರೆ, ಹತ್ತಿರದ ದೀಪದ ಹಾವಳಿ ಅದರ ಗಾತ್ರಕ್ಕಿಂತ ಬಹಳ ದೊಡ್ಡದು. ಐವತ್ತು ಕಿಲೋಮೀಟರ್ ಆಚೆಯ ಮಹಾನಗರದ ಜೊತೆಗೆ ಹೊಲದ ಪಕ್ಕದ ಒಂದೇ ಒಂದು ಬೋಳು ಎಲ್ಇಡಿ ಪೈಪೋಟಿಗೆ ನಿಲ್ಲಬಲ್ಲದು. ಅದರ ಬೆಳಕಿನ ಒಂದು ಪಾಲು ರಸ್ತೆಗೆ ಬೀಳದೆ ಮೇಲಕ್ಕೂ ಪಕ್ಕಕ್ಕೂ ಹರಿದು ವ್ಯರ್ಥವಾಗುತ್ತದೆ. ಅದಕ್ಕೂ ಬಿಲ್ಲು ಕಟ್ಟುವುದು ಪಂಚಾಯಿತಿಯೇ.

ಹಳ್ಳಿಯನ್ನು ಕತ್ತಲಲ್ಲಿಡಿ ಎಂದು ನಗರದವರು ಬಂದು ಹೇಳಿದರೆ ಹಳ್ಳಿಯವರಿಗೆ ಸಿಟ್ಟು ಬರುವುದು ಸಹಜ. ಬೀದಿದೀಪಕ್ಕಾಗಿ ಅರ್ಜಿ ಕೊಟ್ಟು ಕೊಟ್ಟು ಸುಸ್ತಾದವರಿಗೆ ಕತ್ತಲೆಯ ಮಹಿಮೆ ಬೋಧಿಸುವುದು ಒರಟುತನ. ಹಾವು, ಚಿರತೆಯ ಭಯ ನಿಜ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ದಾರಿ ಕಾಣಬೇಕು. ಬೆಂಗಳೂರು ಸುತ್ತಲಿನ ಸೀಮೆಯ ಸೇವಂತಿಗೆ ಬೆಳೆಗಾರರ ಮಾತಂತೂ ಇನ್ನೂ ಬೇರೆ. ರಾತ್ರಿ ಉದ್ದವಾದರೆ ಸೇವಂತಿಗೆ ಮೊಗ್ಗಿಗೆ ಬರುತ್ತದೆ. ಗಿಡ ಬೆಳೆಯುವ ಮೊದಲೇ ಹೂ ಬಿಡದಿರಲಿ ಎಂದು ಸಾಲುಸಾಲು ಬಲ್ಬು ಕಟ್ಟಿ ರಾತ್ರಿ ಬೆಳಗಿಸುತ್ತಾರೆ. ಅದು ಹೊಟ್ಟೆಪಾಡು. ಯಾವ ನೀಹಾರಿಕೆಗಾಗಿಯೂ ಅದನ್ನು ಆರಿಸಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ದೀಪ ಕಿತ್ತುಹಾಕಿ ಎಂದು ಯಾರೂ ಕೇಳಬೇಕಾಗಿಯೂ ಇಲ್ಲ. ಕೇಳಬೇಕಾದ್ದು ದೀಪಕ್ಕೊಂದು ಟೋಪಿ. ಬೆಳಕು ಕೆಳಕ್ಕೆ ಮಾತ್ರ ಬೀಳುವ ಹಾಗೆ ಮೇಲೊಂದು ತಗಡಿನ ಮುಚ್ಚಳ, ನೀಲಿ ಕಡಿಮೆಯಿರುವ ಹಳದಿ ಛಾಯೆಯ ಎಲ್ಇಡಿ, ಜನಸಂಚಾರ ನಿಂತ ಮೇಲೆ ಮಂದವಾಗುವ ಟೈಮರ್. ಬಲ್ಬಿನ ನೆತ್ತಿಗೆ ಮುಚ್ಚಳವಿದ್ದರೆ ಸೇವಂತಿಗೆಗೂ ನಷ್ಟವಿಲ್ಲ, ಬೆಳಕು ಗಿಡದ ಮೇಲೇ ಬೀಳುತ್ತದೆ. ಹಾನ್ಲೆಯ ಸುತ್ತಲಿನ ಹಳ್ಳಿಗಳಲ್ಲಿ ನಡೆದದ್ದೂ ಇದೇ. 2022ರ ಡಿಸೆಂಬರ್‌ನಲ್ಲಿ ಆ ಪ್ರದೇಶ ದೇಶದ ಮೊದಲ ಕಗ್ಗತ್ತಲ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಹಳ್ಳಿಗರು ಕಿಟಕಿಗೆ ದಪ್ಪ ಪರದೆ ಹಾಕಿ, ದೀಪಕ್ಕೆ ಮರೆ ಕಟ್ಟಿದರು. ಅವರಲ್ಲೇ ಕೆಲವರು ತರಬೇತಿ ಪಡೆದು ಬಂದವರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ, ಅದರಿಂದ ಆದಾಯವೂ ಇದೆ. ಸಾಸಲು ಹಾನ್ಲೆ ಆಗುವುದಿಲ್ಲ. ಮೋಡ, ಧೂಳು, ನಗರ ಮೂರೂ ಇಲ್ಲಿವೆ. ಆದರೆ ಹಾನ್ಲೆಯ ದೂರದರ್ಶಕವನ್ನು ತನ್ನ ನೆಲದಿಂದಲೇ ನಡೆಸುವ ಜಿಲ್ಲೆ, ಹಾನ್ಲೆಯ ದೀಪದ ಟೋಪಿಯನ್ನೂ ತರಿಸಿಕೊಳ್ಳಬಹುದು.

ಹವ್ಯಾಸಿಗಳ ಕಡೆಯಿಂದಲೂ ಬಾಕಿಯಿದೆ. ರಾತ್ರಿ ಬಂದು, ಯಾರದೋ ಬದುವಿನಲ್ಲಿ ನಿಂತು, ಬೆಳಗಾಗುವ ಮೊದಲು ಮಾಯವಾಗುವವರನ್ನು ಊರು ಅನುಮಾನದಿಂದ ನೋಡಿದರೆ ತಪ್ಪು ಊರಿನದಲ್ಲ. ಹೊಲದ ಯಜಮಾನನನ್ನು ಕೇಳಿ ನಿಲ್ಲಬೇಕು. ತೆಗೆದ ಚಿತ್ರವನ್ನು ಊರಿನ ಶಾಲೆಯ ಗೋಡೆಗೆ ಕೊಡಬೇಕು, ಅದರಡಿಯಲ್ಲಿ ‘ಸಾಸಲಿನಿಂದ ತೆಗೆದದ್ದು’ ಎಂದು ಬರೆದಿರಬೇಕು. ಚಿಲುಮೆಯಂಥ ಹೆಸರುಗಳನ್ನು ಶಾಲೆಯ ಮಕ್ಕಳೇ ಇಡಲಿ. ಜಿ.ಟಿ. ನಾರಾಯಣರಾಯರು ನಕ್ಷತ್ರ ಗುರುತಿಸುವುದನ್ನು ಕನ್ನಡದಲ್ಲೇ ಕಲಿಸಿದ ನಾಡಿದು. ಸಂಖ್ಯೆಯಷ್ಟೇ ಇರುವ ಕಾಯಗಳಿಗೆ ಕನ್ನಡದ ಹೆಸರು ಹುಡುಕುವ ಕೆಲಸ ಇನ್ನೂ ಹಾಗೇ ಬಿದ್ದಿದೆ.

ಶುರುಮಾಡಲು ಒಂದು ರಾತ್ರಿ ಸಾಕು, ಅದು ಪಂಚಾಂಗದಲ್ಲೇ ಇದೆ. ಮಹಾಶಿವರಾತ್ರಿ ಬರುವುದು ಫೆಬ್ರುವರಿ–ಮಾರ್ಚ್‌ನ ಕೃಷ್ಣ ಚತುರ್ದಶಿಯಂದು. ಬೆಳಗಿನ ಜಾವದವರೆಗೂ ಚಂದ್ರನಿಲ್ಲ, ಮಳೆಗಾಲವಲ್ಲ, ಊರಿಗೆ ಊರೇ ಜಾಗರಣೆಯಲ್ಲಿರುತ್ತದೆ. ರಾತ್ರಿ ಹನ್ನೊಂದರ ಸುಮಾರಿಗೆ ನೌಕಾಪಟ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಆ ಹೊತ್ತಿಗೆ ದೇವಸ್ಥಾನದ ದಾರಿಯ ದೀಪಗಳನ್ನು ಹಾಗೇ ಬಿಟ್ಟು, ಊರಂಚಿನ ಬೋಳು ದೀಪಗಳನ್ನು ಪಂಚಾಯಿತಿ ಒಂದು ಗಂಟೆ ಆರಿಸಲಿ. ದೀಪ ಉರಿಯುವಾಗ ಮೂರು ನಿಮಿಷದ ಒಂದು ಚಿತ್ರ, ಆರಿದ ಮೇಲೆ ಅದೇ ಲೆನ್ಸಿನಲ್ಲಿ ಅದೇ ಮೂರು ನಿಮಿಷದ ಇನ್ನೊಂದು. ಎರಡನ್ನೂ ದೊಡ್ಡದಾಗಿ ಮುದ್ರಿಸಿ ಮುಂದಿನ ಗ್ರಾಮಸಭೆಯಲ್ಲಿ ಅಕ್ಕಪಕ್ಕ ಇಟ್ಟು, ಟೋಪಿಯ ಖರ್ಚಿನ ಅಂದಾಜು ಪಟ್ಟಿಯನ್ನು ಅವುಗಳ ಕೆಳಗೆ ಲಗತ್ತಿಸಲಿ.